ರೆಗೇ ಮೊದಲೋ, ಡಾನ್ಸ್‌ಹಾಲ್ ಮೊದಲೋ?

ಜಮೈಕಾದ ಸಂಗೀತದ ಮಾತು ಬಂದಾಗಲೆಲ್ಲ ಸ್ನೇಹಿತರು ನನ್ನನ್ನು ಕೇಳುವ ಪ್ರಶ್ನೆ ಇದು: 1981ರಲ್ಲಿ ರೆಗೇಯ ಹೆಸರಾಂತ ಗಾಯಕ ಬಾಬ್ ಮಾರ್ಲಿ ತೀರಿಕೊಂಡ ಮೇಲೆ ರೆಗೇ ಕಳೆಗುಂದಿತು, ಅದರ ಜಾಗಕ್ಕೆ ಡಾನ್ಸ್‌ಹಾಲ್ ಬಂತು, ಅಲ್ಲವೇ? ಅಲ್ಲ ಎಂಬುದು ನನ್ನ ಉತ್ತರ. ಡಾನ್ಸ್‌ಹಾಲ್ ಎನ್ನುವುದು ಒಂದು ಶೈಲಿಯ ಹೆಸರಾಗುವುದಕ್ಕೆ ಮುಂಚೆ ಜನ ಸೇರಿ ಕುಣಿಯುವ ಜಾಗದ ಹೆಸರಾಗಿತ್ತು, ಮತ್ತು ಆ ಜಾಗ ರೆಗೇಗಿಂತ ಹಳೆಯದು.

1950ರ ದಶಕದಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ಬಡವರ ಪಾಲಿನ ಸಂಗೀತ ಕಚೇರಿಯೆಂದರೆ ಸೌಂಡ್ ಸಿಸ್ಟಮ್. ಬಯಲಿನಲ್ಲೋ ಅಂಗಳದಲ್ಲೋ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ನಿಲ್ಲಿಸಿ, ಅಮೆರಿಕದಿಂದ ತಂದ ರೆಕಾರ್ಡುಗಳನ್ನು ರಾತ್ರಿಯಿಡೀ ಹಾಕಿ ಜನರನ್ನು ಕುಣಿಸುತ್ತಿದ್ದರು. ಕಾಕ್ಸನ್ ಡಾಡ್, ಡ್ಯೂಕ್ ರೀಡ್ ಮುಂತಾದ ಮಾಲೀಕರ ನಡುವೆ ಪೈಪೋಟಿ ಎಷ್ಟಿತ್ತೆಂದರೆ, ಹಾಡು ಯಾವುದೆಂದು ಎದುರಾಳಿಗೆ ತಿಳಿಯದಿರಲಿ ಎಂದು ರೆಕಾರ್ಡಿನ ಮೇಲಿನ ಲೇಬಲ್ ಕೆರೆದುಹಾಕುತ್ತಿದ್ದರು. ಅಮೆರಿಕದ ರುಚಿ ರಾಕ್ ಅಂಡ್ ರೋಲ್ ಕಡೆಗೆ ಹೊರಳಿ, ತಮಗೆ ಬೇಕಾದ ಬಗೆಯ ಹಾಡುಗಳು ಸಿಗುವುದು ಕಡಿಮೆಯಾದಾಗ, ಇವರೇ ಸ್ಥಳೀಯ ಗಾಯಕರನ್ನು ಕರೆದು ಧ್ವನಿಮುದ್ರಣಕ್ಕೆ ಇಳಿದರು. ಹಾಗೆ ಸ್ಕಾ ಎಂಬ ವೇಗದ ಶೈಲಿ ಬಂತು, 1966ರ ಹೊತ್ತಿಗೆ ಅದರ ವೇಗ ತಗ್ಗಿ ರಾಕ್‌ಸ್ಟೆಡಿ ಎಂಬ ಶೈಲಿ ಬಂತು. 1968ರಲ್ಲಿ ದಿ ಮೇಟಲ್ಸ್ ತಂಡದ ‘ಡೂ ದಿ ರೆಗೇ’ ಹೊಸ ಶೈಲಿಯ ಹೆಸರನ್ನು ಚಲಾವಣೆಗೆ ತಂದಿತು. ನಾಲ್ಕು ಎಣಿಕೆಗಳಲ್ಲಿ ಮೊದಲನೆಯದನ್ನು ಖಾಲಿ ಬಿಟ್ಟು ಡ್ರಮ್ಮಿನ ಭಾರವನ್ನೆಲ್ಲ ಮೂರನೆಯದರ ಮೇಲೆ ಹಾಕುವ, ನಾವೆಲ್ಲ ರೆಗೇ ಎಂದು ಥಟ್ಟನೆ ಗುರುತಿಸುವ ನಡೆ ಆಮೇಲೆ ನೆಲೆಗೊಂಡಿತು.

ಆದರೆ ನನ್ನ ಲೆಕ್ಕದಲ್ಲಿ ನಿಜವಾದ ಮೈಲಿಗಲ್ಲು ನೆಟ್ಟಿದ್ದು ಅದೇ ಕಾಲದ ಒಂದು ಕೈತಪ್ಪು. ಸ್ಪ್ಯಾನಿಷ್ ಟೌನ್‌ನಲ್ಲಿ ಸೌಂಡ್ ಸಿಸ್ಟಮ್ ನಡೆಸುತ್ತಿದ್ದ ರಡಿ ರೆಡ್‌ವುಡ್, ದಿ ಪ್ಯಾರಗನ್ಸ್ ತಂಡದ ಒಂದು ಹಾಡಿನ ಪ್ರತಿಯನ್ನು ರೆಕಾರ್ಡು ತಟ್ಟೆಯ ಮೇಲೆ ಕೊರೆಸಲು ಡ್ಯೂಕ್ ರೀಡ್‌ನ ಟ್ರೆಷರ್ ಐಲ್ ಸ್ಟುಡಿಯೋಗೆ ಹೋದ. ಕೊರೆಯುವ ಯಂತ್ರದ ಮುಂದಿದ್ದ ಬೈರನ್ ಸ್ಮಿತ್ ಗಾಯನದ ಪದರವನ್ನು ಸೇರಿಸುವುದು ಮರೆತ. ಹೊರಬಂದ ತಟ್ಟೆಯಲ್ಲಿ ಇದ್ದದ್ದು ವಾದ್ಯಗಳು ಮಾತ್ರ. ರೆಡ್‌ವುಡ್ ಅದನ್ನು ಎಸೆಯಲಿಲ್ಲ; ಆ ರಾತ್ರಿ ಮೊದಲು ಪೂರ್ತಿ ಹಾಡನ್ನು ಹಾಕಿ, ಅದರ ಬೆನ್ನಿಗೇ ದನಿಯಿಲ್ಲದ ತಟ್ಟೆಯನ್ನು ಹಾಕಿದ. ಗಾಯಕರಿಲ್ಲದ ಜಾಗವನ್ನು ನೆರೆದ ಜನವೇ ಒಕ್ಕೊರಲಿನಿಂದ ಹಾಡಿ ತುಂಬಿತು.

ಮುಂದಿನದ್ದೆಲ್ಲ ಆ ಖಾಲಿ ಜಾಗದಿಂದಲೇ ಹುಟ್ಟಿತು. ರೆಕಾರ್ಡಿನ ಹಿಂಬದಿಯಲ್ಲಿ ದನಿ ತೆಗೆದ ‘ವರ್ಶನ್’ ಅಚ್ಚಾಗತೊಡಗಿತು. ಜಮೈಕಾದಲ್ಲಿ ರೆಕಾರ್ಡು ಹಾಕುವವನು ಸೆಲೆಕ್ಟರ್, ಅದರ ಮೇಲೆ ಲಯಬದ್ಧವಾಗಿ ಮಾತಾಡುವವನು ಡೀಜೇ. ಆ ಮಾತುಗಾರನಿಗೆ ಈಗ ಇಡೀ ಹಾಡಿನ ಉದ್ದದ ಬಯಲು ಸಿಕ್ಕಿತು. 1970ರಲ್ಲಿ ಯೂ-ರಾಯ್ ಎಂಬ ಡೀಜೇ ಟ್ರೆಷರ್ ಐಲ್‌ನ ಹಳೆಯ ತಾಳಗಳ ಮೇಲೆ ಮಾತಾಡಿ ಹೊರತಂದ ಮೂರು ರೆಕಾರ್ಡುಗಳು ಒಂದೇ ಕಾಲಕ್ಕೆ ದೇಶದ ಜನಪ್ರಿಯ ಪಟ್ಟಿಯ ತುದಿಯಲ್ಲಿದ್ದವು. ಯೂ-ರಾಯ್ ಮಾತಾಡುತ್ತಿದ್ದ ಸೌಂಡ್ ಸಿಸ್ಟಮ್ ಕಿಂಗ್ ಟಬ್ಬಿಯದು. ವೃತ್ತಿಯಿಂದ ವಿದ್ಯುತ್ ಉಪಕರಣಗಳ ರಿಪೇರಿಗಾರನಾದ ಟಬ್ಬಿ, ವಾಟರ್‌ಹೌಸ್ ಬಡಾವಣೆಯ ತನ್ನ ಮನೆಯಲ್ಲೇ ಕುಳಿತು ಅದೇ ವರ್ಶನ್‌ಗಳನ್ನು ಬಿಚ್ಚಿ, ಪ್ರತಿಧ್ವನಿ ಬೆರೆಸಿ ಡಬ್ ಎಂಬ ಕಲೆಯನ್ನು ಕಟ್ಟಿದ.

ಹೊರಜಗತ್ತು 1973ರಲ್ಲಿ ಮಾರ್ಲಿಯ ತಂಡದ ‘ಕ್ಯಾಚ್ ಎ ಫೈರ್’ ಆಲ್ಬಮ್ ಮೂಲಕ ರೆಗೇ ಕೇಳಲು ಆರಂಭಿಸುವ ಹೊತ್ತಿಗೆ, ನಾವು ಇಂದು ಡಾನ್ಸ್‌ಹಾಲ್ ಎನ್ನುವುದರ ಅಂಗಾಂಗಗಳೆಲ್ಲ ಕಿಂಗ್‌ಸ್ಟನ್‌ನಲ್ಲಿ ಸಿದ್ಧವಾಗಿದ್ದವು. ಮಾರ್ಲಿಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೂ ಅವರೊಬ್ಬರನ್ನೇ ಕಂಬವಾಗಿ ನಿಲ್ಲಿಸಿ ಇತಿಹಾಸ ಹೇಳಿದರೆ, ಬಯಲಿನಲ್ಲಿ ಕುಣಿದು, ಕೂಗಿ, ಯಾವ ಹಾಡು ಉಳಿಯಬೇಕೆಂದು ತೀರ್ಮಾನಿಸಿದ ಜನರಿಗೆ ಅನ್ಯಾಯವಾಗುತ್ತದೆ ಎಂಬುದೇ ನನ್ನ ತಕರಾರು.

ಹಾಗಾದರೆ 1980ರ ದಶಕದಲ್ಲಿ ಆದ ಬದಲಾವಣೆ ಏನು? ವಾದ್ಯಗಾರರ ಜಾಗಕ್ಕೆ ಯಂತ್ರ ಬಂತು. ಗಾಯಕ ವೇಯ್ನ್ ಸ್ಮಿತ್ ಮತ್ತು ಅವನ ಸ್ನೇಹಿತ ನೋಯಲ್ ಡೇವಿ, ಕ್ಯಾಸಿಯೋ ಎಂಟಿ-40 ಎಂಬ ಪುಟ್ಟ ಮನೆಬಳಕೆಯ ಕೀಬೋರ್ಡಿನ ‘ರಾಕ್’ ತಾಳವನ್ನು ಹಿಡಿದು, ಟಬ್ಬಿಯ ಬಳಿ ಪಳಗಿದ ಕಿಂಗ್ ಜ್ಯಾಮಿಯ ಸ್ಟುಡಿಯೋಗೆ ಬಂದರು. ಜ್ಯಾಮಿ ಅದರ ವೇಗ ಇಳಿಸಿದ. 1985ರ ಫೆಬ್ರುವರಿ 23ರ ರಾತ್ರಿ, ಬ್ಲ್ಯಾಕ್ ಸ್ಕಾರ್ಪಿಯೋ ಎಂಬ ಸೌಂಡ್ ಸಿಸ್ಟಮ್ ಎದುರು ಜ್ಯಾಮಿಯ ಸೌಂಡ್ ಸಿಸ್ಟಮ್ ನಡೆಸಿದ ಜಿದ್ದಾಜಿದ್ದಿಯಲ್ಲಿ, ಆ ತಾಳದ ಮೇಲೆ ಸ್ಮಿತ್ ಹಾಡಿದ ‘ಸ್ಲೆಂಗ್ ಟೆಂಗ್’ ಜನರ ಮುಂದೆ ಮೊಳಗಿತು. ಅಲ್ಲಿಂದಾಚೆಗೆ ಒಂದು ತಾಳ ಕಟ್ಟಲು ಇಡೀ ವಾದ್ಯವೃಂದ ಬೇಕಿಲ್ಲವೆಂಬುದು ಊರಿಗೆಲ್ಲ ತಿಳಿಯಿತು.

ಅಷ್ಟಾದರೂ ಆ ತಾಳ ರೆಗೇಗೆ ಹೊರಗಿನದಾಗಿರಲಿಲ್ಲ. ಕೀಬೋರ್ಡಿನೊಳಗೆ ಅದನ್ನು ರಚಿಸಿ ಇಟ್ಟವರು 1980ರಲ್ಲಿ ಕ್ಯಾಸಿಯೋ ಸೇರಿದ ಒಕುಡಾ ಹಿರೋಕೊ. ಅದಕ್ಕೆ ಮುಂಚೆ ಜಪಾನಿನ ಸಂಗೀತ ಕಾಲೇಜೊಂದರಲ್ಲಿ ಓದುವಾಗ ಅವರು ಪ್ರಬಂಧ ಬರೆದದ್ದು ರೆಗೇ ಕುರಿತು.