ಎರಡನೇ ಪ್ರಾಶಸ್ತ್ಯ

ಜೂನ್ 13, 2024, ಗುರುವಾರ
ಟಾಲ, ಸೌತ್ ಡಬ್ಲಿನ್ ಕೌಂಟಿ, ಐರ್ಲೆಂಡ್

ಮೊನ್ನೆ ಫೋನ್ ಮಾಡಿದಾಗ ಅವ್ವ ಮೊದಲು ಕೇಳಿದ್ದೇ ಇದನ್ನು. "ಅಲ್ಲೂ ಎಲೆಕ್ಷನ್ ಆಯ್ತಂತೆ? ನಿಂಗೂ ಓಟು ಕೊಟ್ಟವ್ರಾ?"

ಕೊಟ್ಟಿದ್ದಾರೆ ಅವ್ವಾ ಅಂದೆ. ಅಷ್ಟು ಹೇಳುವಾಗಲೇ ಗಂಟಲು ಕಟ್ಟಿತು.

ಏಪ್ರಿಲ್ 26ಕ್ಕೆ ಮಂಡ್ಯದಲ್ಲಿ ಲೋಕಸಭೆಗೆ ಮತದಾನ ಇತ್ತು. ಭಾರತದ ಪಾಸ್‌ಪೋರ್ಟ್ ಕೈಯಲ್ಲಿದ್ದರೂ ಊರಿನ ಮತಗಟ್ಟೆಗೇ ಬಂದು ಓಟು ಹಾಕಬೇಕು. ನನಗೆ ರಜೆ ಸಿಗಲಿಲ್ಲ. ಅವತ್ತು ನರ್ಸಿಂಗ್ ಹೋಮಿನಲ್ಲಿ ಇಡೀ ದಿನ ಡ್ಯೂಟಿ ಮಾಡುತ್ತಾ, ಮನೆಯವರೆಲ್ಲ ಶಾಯಿ ಹಚ್ಚಿದ ಬೆರಳಿನ ಫೋಟೋ ಕಳಿಸಿದ್ದನ್ನು ನೋಡುತ್ತಾ ಇದ್ದೆ. ಆರು ವಾರ ಕಳೆದು, ಜೂನ್ 7ರ ಶುಕ್ರವಾರ, ನಾನು ಪ್ರಜೆಯೇ ಅಲ್ಲದ ಈ ದೇಶದಲ್ಲಿ ನನ್ನ ಕೈಗೊಂದು ಮತಚೀಟಿ ಬಂತು.

ಇಲ್ಲಿನ ಸ್ಥಳೀಯ ಚುನಾವಣೆಯ ನಿಯಮ ಸರಳವಾಗಿದೆ. 18 ತುಂಬಿರಬೇಕು, ಇಲ್ಲಿ ವಾಸ ಇರಬೇಕು, ಪಟ್ಟಿಯಲ್ಲಿ ಹೆಸರಿರಬೇಕು. ಯಾವ ದೇಶದ ಪಾಸ್‌ಪೋರ್ಟ್ ಅಂತ ಯಾರೂ ಕೇಳೋದಿಲ್ಲ. ಪಾರ್ಲಿಮೆಂಟಿಗೆ ನಾನು ಓಟು ಹಾಕುವಂತಿಲ್ಲ, ರಾಷ್ಟ್ರಪತಿಗೂ ಇಲ್ಲ. ಅವತ್ತೇ ಯುರೋಪಿಯನ್ ಪಾರ್ಲಿಮೆಂಟಿಗೂ ಮತದಾನ ಇತ್ತು, ಅದೂ ನನಗಿಲ್ಲ. ಸಾಲಿನಲ್ಲಿ ನನ್ನ ಮುಂದಿದ್ದವರಿಗೆ ಎರಡು ಚೀಟಿ ಕೊಟ್ಟರು, ನನಗೆ ಒಂದು. ಆ ಒಂದನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡು ಮರೆಗೆ ಹೋದೆ.

ಚೀಟಿಯಲ್ಲಿ ಅಭ್ಯರ್ಥಿಗಳ ಹೆಸರು, ಫೋಟೋ, ಪಕ್ಷದ ಗುರುತು. ಬರೆಯೋಕೆ ದಾರ ಕಟ್ಟಿದ ಒಂದು ಪೆನ್ಸಿಲ್. ಇಲ್ಲಿ ಮುದ್ರೆ ಒತ್ತುವುದಿಲ್ಲ, ಗುಂಡಿಯೂ ಇಲ್ಲ. ನಿಮಗೆ ಯಾರು ಎಲ್ಲರಿಗಿಂತ ಇಷ್ಟವೋ ಅವರ ಮುಂದೆ 1, ಆಮೇಲೆ 2, 3, ಹೀಗೆ ಎಷ್ಟು ಬೇಕೋ ಅಷ್ಟು. ಒಂದೇ ಬರೆದು ನಿಲ್ಲಿಸಿದರೂ ನಡೆಯುತ್ತೆ. ನಾನು 6ರ ತನಕ ಬರೆದೆ.

ಇದು ನನಗೆ ತಿಳಿಯುವಂತೆ ಬಿಡಿಸಿ ಹೇಳಿದ್ದು ನಮ್ಮ ಭಾವ. ಅವರು ಹೈಸ್ಕೂಲು ಮೇಷ್ಟ್ರು. ಇದೇ ಜೂನ್ 3ರಂದು ನಮ್ಮ ಕಡೆ ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕೆ ಮತದಾನ ಇತ್ತಲ್ಲ, ಅವರು ಓಟು ಹಾಕಿ ಬಂದಿದ್ದರು. "ಅದೇ ಕಣಮ್ಮ ಪ್ರಾಶಸ್ತ್ಯ ಮತ. ನಮಗೆ ನೇರಳೆ ಸ್ಕೆಚ್ ಪೆನ್ ಕೊಡ್ತಾರೆ, ನಿಮಗೆ ಪೆನ್ಸಿಲ್, ಅಷ್ಟೇ ವ್ಯತ್ಯಾಸ. ಎರಡನೇ ಪ್ರಾಶಸ್ತ್ಯ ಯಾರಿಗೆ ಅಂತ ಚೆನ್ನಾಗಿ ಯೋಚಿಸು. ಕೆಲವು ಸಲ ಅದೇ ಗೆಲ್ಲಿಸೋದು" ಅಂದರು. ನಮ್ಮೂರಿನಲ್ಲಿ ಮೇಷ್ಟ್ರು, ಪದವೀಧರರಂಥ ಕೆಲವರಿಗೆ ಮಾತ್ರ ಸಿಗುವ ಈ ಲೆಕ್ಕ ಇಲ್ಲಿ ಬೀದಿ ಗುಡಿಸುವವರಿಗೂ ಇದೆ.

ನಾನಿರುವ ಕೌಂಟಿಯ ಬಗ್ಗೆ ಸ್ವಲ್ಪ ಹೇಳಬೇಕು. ಹಳೇ ಡಬ್ಲಿನ್ ಕೌಂಟಿಯನ್ನು 1994ರಲ್ಲಿ ಮೂರು ಭಾಗ ಮಾಡಿದರು. ಅದರಲ್ಲಿ ಸೌತ್ ಡಬ್ಲಿನ್ ಒಂದು. ಟಾಲ, ಲೂಕನ್, ಕ್ಲೊಂಡಾಲ್ಕಿನ್, ರಾಥ್‌ಫಾರ್ನಮ್ ಎಲ್ಲ ಇದಕ್ಕೇ ಸೇರುತ್ತೆ. ಇದರ ಕೌನ್ಸಿಲ್‌ಗೇ ನಾವು ಓಟು ಹಾಕಿದ್ದು. ಏಳು ಕ್ಷೇತ್ರ, 40 ಸೀಟು. ಕೌಂಟಿ ಹಾಲ್ ಇರೋದು ನಮ್ಮ ಟಾಲದಲ್ಲೇ. ಇಡೀ ದೇಶದಲ್ಲಿ ಇಂಥ 31 ಕೌನ್ಸಿಲ್, ಒಟ್ಟು 949 ಸೀಟು. ಒಂದು ಕ್ಷೇತ್ರದಿಂದ ಒಬ್ಬರೇ ಗೆಲ್ಲೋದಲ್ಲ, ಹೆಚ್ಚಿನ ಕಡೆ ಐದೋ ಆರೋ ಏಳೋ ಜನ ಗೆಲ್ಲುತ್ತಾರೆ.

ಶನಿವಾರ ಎಣಿಕೆ ಶುರು. ನಮ್ಮ ಪಕ್ಕದ ಮನೆಯ ಅಜ್ಜಿ ಒಬ್ಬ ಪಕ್ಷೇತರರ ಪರವಾಗಿ ತಿಂಗಳುಗಟ್ಟಲೆ ಮನೆಮನೆ ತಿರುಗಿದವರು. ಅವರ ಹತ್ತಿರ ಒಂದು ಪಾಸ್ ಉಳಿದಿತ್ತು. "ನಿನಗೆ ಅಂಕಿ ಬರೆಯೋಕೆ ಬರುತ್ತಲ್ಲ, ಬಾ" ಅಂತ ಕರೆದುಕೊಂಡು ಹೋದರು. ಬೆಳಗ್ಗೆ ಒಂಬತ್ತಕ್ಕೆ ನಾನು ಟ್ಯಾಲಿ ಮಾಡುವವರ ಸಾಲಿನಲ್ಲಿ ನಿಂತಿದ್ದೆ.

ಈ ಟ್ಯಾಲಿ ಅನ್ನೋದನ್ನು ನೋಡಿಯೇ ನಂಬಬೇಕು. ದೊಡ್ಡ ಹಾಲ್. ಉದ್ದುದ್ದ ಮೇಜು. ಮೇಜಿನ ಆ ಕಡೆ ಎಣಿಕೆ ಸಿಬ್ಬಂದಿ, ಈ ಕಡೆ ಕಬ್ಬಿಣದ ತಡೆ. ತಡೆಗೆ ಎದೆ ಒತ್ತಿಕೊಂಡು ಎಲ್ಲ ಪಕ್ಷದವರೂ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಪೆಟ್ಟಿಗೆ ತೆಗೆದು ಸುರಿದರೆ ಮೊದಲು ಯುರೋಪಿನ ಚೀಟಿ, ಸ್ಥಳೀಯ ಚೀಟಿ ಬೇರೆ ಮಾಡುತ್ತಾರೆ. ಆಮೇಲೆ ಒಂದೊಂದೇ ಚೀಟಿ ಬಿಡಿಸಿ ಮುಖ ಮೇಲಾಗಿ ಇಡುತ್ತಾರೆ. ಆ ಒಂದು ಕ್ಷಣದಲ್ಲಿ 1 ಯಾರಿಗಿದೆ ಅಂತ ನಾವು ನೋಡಿಬಿಡಬೇಕು. ನಮಗದು ತಲೆಕೆಳಗಾಗಿ ಕಾಣುತ್ತೆ. ನೋಡಿ ಹಾಳೆಯಲ್ಲಿ ಗೀಟು ಹಾಕಬೇಕು. ನಾಲ್ಕು ಗೀಟು, ಐದನೆಯದು ಅಡ್ಡ. ನಮ್ಮ ಅಪ್ಪ ಆಲೆಮನೆಯಲ್ಲಿ ಬೆಲ್ಲದ ಅಚ್ಚು ಲೆಕ್ಕ ಹಾಕುತ್ತಿದ್ದದ್ದು ಹೀಗೆಯೇ. ಗೋಡೆ ಮೇಲೆ ಇದ್ದಿಲಿನಲ್ಲಿ.

ಸಂತೋಷ ಆದದ್ದು ಏನಂದರೆ, ಒಬ್ಬರು ಎಡಗಡೆಯ ಪೆಟ್ಟಿಗೆ ಬರೆದುಕೊಂಡರೆ ಇನ್ನೊಂದು ಪಕ್ಷದವರು ಬಲಗಡೆಯದು ಬರೆದುಕೊಳ್ಳುತ್ತಾರೆ. ಆಮೇಲೆ ಎಲ್ಲರ ಹಾಳೆ ಒಟ್ಟುಗೂಡಿಸುತ್ತಾರೆ. ಹಿಂದಿನ ದಿನದ ತನಕ ಬೀದಿಯಲ್ಲಿ ಎದುರಾಳಿಗಳು. ಇಲ್ಲಿ ಒಂದೇ ಲೆಕ್ಕ. ಊಟದ ಹೊತ್ತಿಗೆ ಯಾವ ಬೀದಿಯಲ್ಲಿ ಯಾರಿಗೆ ಎಷ್ಟು ಅಂತ ಹಾಲಿನಲ್ಲಿರುವ ಎಲ್ಲರಿಗೂ ಗೊತ್ತು. ಅಧಿಕೃತ ಎಣಿಕೆ ಇನ್ನೂ ಶುರುವೇ ಆಗಿರುವುದಿಲ್ಲ.

ಅಜ್ಜಿ ಒಂದು ಕಥೆ ಹೇಳಿದರು. 2002ರ ಸಾರ್ವತ್ರಿಕ ಚುನಾವಣೆಯಲ್ಲಿ ಮೂರು ಕ್ಷೇತ್ರಗಳಲ್ಲಿ ಯಂತ್ರ ಇಟ್ಟಿದ್ದರು. ಡಬ್ಲಿನ್ ನಾರ್ತ್, ಡಬ್ಲಿನ್ ವೆಸ್ಟ್, ಮೀತ್. ಮಾಜಿ ಮಂತ್ರಿ ನೋರಾ ಓವನ್ ಡಬ್ಲಿನ್ ನಾರ್ತ್‌ನಲ್ಲಿ ನಿಂತಿದ್ದರು. ಟ್ಯಾಲಿ ಇಲ್ಲ, ಸುಳಿವಿಲ್ಲ. ವೇದಿಕೆ ಮೇಲೆ ಅಂಕಿ ಓದಿದಾಗಲೇ, ಎಲ್ಲರ ಎದುರೇ, ತಾವು ಸೋತದ್ದು ಅವರಿಗೆ ಗೊತ್ತಾಗಿದ್ದು. ಅದನ್ನು ಟಿವಿಯಲ್ಲಿ ನೋಡಿದವರು ಇವತ್ತಿಗೂ ಮರೆತಿಲ್ಲ. ಸರ್ಕಾರ 50 ಮಿಲಿಯನ್ ಯೂರೋಗೂ ಹೆಚ್ಚು ಖರ್ಚು ಮಾಡಿ ತಂದ ಯಂತ್ರಗಳನ್ನು ದೇಶದಾದ್ಯಂತ ಬಳಸಲೇ ಇಲ್ಲ. 2012ರಲ್ಲಿ ಗುಜರಿಗೆ ಹೋದವು. ಅವು ಮತ ಹೇಗೆ ಎಣಿಸುತ್ತವೆ ಅನ್ನೋದನ್ನು ಪರೀಕ್ಷಿಸಿ ನೋಡುವ ದಾರಿ ಇಲ್ಲ ಅನ್ನೋದೇ ಮುಖ್ಯ ಕಾರಣ. ನಮ್ಮ ದೇಶದಷ್ಟು ಜನ ಇದ್ದರೆ ಯಂತ್ರ ಬೇಕೇ ಬೇಕು, ಅದು ನನಗೆ ಗೊತ್ತು. ಆದರೂ ಒಬ್ಬ ಮನುಷ್ಯ ಸೋಲಿಗೆ ತಯಾರಾಗೋಕೆ ಒಂದು ದಿನ ಸಿಗೋದು ಒಳ್ಳೆಯದು ಅಂತ ಆ ಹಾಲಿನಲ್ಲಿ ನಿಂತಾಗ ನನಗನ್ನಿಸಿತು.

ಇನ್ನು ಗೆಲುವಿನ ಲೆಕ್ಕ. ಸಿಂಧುವಾದ ಒಟ್ಟು ಮತವನ್ನು ಸೀಟಿಗಿಂತ ಒಂದು ಜಾಸ್ತಿ ಅಂಕಿಯಿಂದ ಭಾಗಿಸಿ, ಬಂದದ್ದಕ್ಕೆ ಒಂದು ಸೇರಿಸಿದರೆ ಕೋಟಾ. ಐದು ಸೀಟು, 12,000 ಮತ ಅಂತ ಇಟ್ಟುಕೊಳ್ಳಿ. ಆರರಿಂದ ಭಾಗಿಸಿದರೆ 2,000, ಕೋಟಾ 2,001. ಅಷ್ಟು ಮುಟ್ಟಿದವರು ಗೆದ್ದರು. ಅವರಿಗೆ ಹೆಚ್ಚುವರಿ ಬಂದಿದ್ದರೆ ಅದು ಚೀಟಿಗಳಲ್ಲಿರುವ ಎರಡನೇ ಆಯ್ಕೆಯ ಪ್ರಮಾಣ ನೋಡಿ ಬೇರೆಯವರಿಗೆ ಹಂಚಿಕೆ. ಯಾರೂ ಮುಟ್ಟದಿದ್ದರೆ ಎಲ್ಲರಿಗಿಂತ ಕೆಳಗಿರುವವರನ್ನು ತೆಗೆದು, ಅವರ ಒಂದೊಂದು ಚೀಟಿಯೂ ಮುಂದಿನ ಅಂಕಿ ಇರುವವರ ಕಟ್ಟಿಗೆ ಹೋಗುತ್ತೆ. ಇದು ಒಂದು ಸುತ್ತು. ಇಂಥ ಹತ್ತು ಹದಿನೈದು ಸುತ್ತು ಆಗಬಹುದು. ಅದಕ್ಕೇ ಶನಿವಾರ ಶುರುವಾದದ್ದು ಎಷ್ಟೋ ಕಡೆ ಮೂರು ನಾಲ್ಕು ದಿನ ಎಳೆಯಿತು.

ಭಾನುವಾರ ಮಧ್ಯಾಹ್ನ ನಮ್ಮ ಅಜ್ಜಿಯ ಅಭ್ಯರ್ಥಿ ಹೊರಬಿದ್ದರು. ನಾನು 1 ಬರೆದದ್ದು ಅವರಿಗೇ. ನಮ್ಮ ಮನೆಗೆ ಎರಡು ಸಲ ಬಂದಿದ್ದರು. ಮಕ್ಕಳು ಸ್ಕೂಲಿಗೆ ದಾಟುವ ಜಾಗದಲ್ಲಿ ಏನು ಮಾಡಬಹುದು ಅಂತ ನನ್ನ ಮಗಳನ್ನೇ ಕೂರಿಸಿ ಕೇಳಿದ್ದರು. ಒಂಬತ್ತು ವರ್ಷದ ಹುಡುಗಿ ಚಿತ್ರ ಬರೆದು ತೋರಿಸಿದ್ದಳು. ಸಿಬ್ಬಂದಿ ಅವರ ಕಟ್ಟನ್ನು ಎತ್ತಿಕೊಂಡು ಮತ್ತೆ ಮೇಜಿನ ಮೇಲೆ ಬಿಡಿಸಿದರು. ಆ ಕಟ್ಟಿನಲ್ಲಿ ನನ್ನ ಚೀಟಿಯೂ ಇತ್ತು. ಯಾವುದು ಅಂತ ಗೊತ್ತಾಗೋಲ್ಲ, ಗೊತ್ತಾಗಲೂಬಾರದು. ಆದರೆ ಎಲ್ಲೋ ಒಂದು ಕೈ ಅದನ್ನು ತೆಗೆದು, ನನ್ನ 2 ನೋಡಿ, ಇನ್ನೊಂದು ಕಟ್ಟಿಗೆ ಸೇರಿಸಿತು. ಸುಮ್ನೆ ನಿಂತು ನೋಡುತ್ತಿದ್ದೆ. ಕಣ್ಣು ತುಂಬಿತು.

ಫಲಿತಾಂಶದ ಸುದ್ದಿ ಇಷ್ಟು. ದೇಶದಲ್ಲಿ ಫಿಯಾನಾ ಫಾಯಿಲ್ ಪಕ್ಷ 248, ಫಿನ ಗೇಲ್ ಪಕ್ಷ 245 ಸೀಟು ಗೆದ್ದು ಹೆಚ್ಚುಕಡಿಮೆ ಸಮ ಸಮ. ವಿರೋಧ ಪಕ್ಷ ಶಿನ್ ಫೇನ್‌ಗೆ 102. ಅವರು ಇದಕ್ಕಿಂತ ಎಷ್ಟೋ ಜಾಸ್ತಿ ಗೆಲ್ಲುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಪಕ್ಷೇತರರು 180ಕ್ಕೂ ಹೆಚ್ಚು, ಅದು ಈ ದೇಶದ ವಿಶೇಷ. ಓಟು ಹಾಕಿದವರು ಮಾತ್ರ ಸುಮಾರು ಅರ್ಧ ಜನ.

ನಮ್ಮ ಕೌಂಟಿಯಲ್ಲಿ ಇಬ್ಬರ ಗೆಲುವಿನ ಬಗ್ಗೆ ಡ್ಯೂಟಿಯಲ್ಲಿ ದಿನವಿಡೀ ಮಾತು. ಕೇರಳದ ಅಂಗಮಾಲಿಯಿಂದ ಬಂದು ಇಲ್ಲಿ ನೆಲೆಸಿರುವ ಬೇಬಿ ಪೆರೆಪ್ಪಾಡನ್ ಟಾಲ ಸೌತ್‌ನಿಂದ ಮತ್ತೆ ಗೆದ್ದಿದ್ದಾರೆ. ಅವರ ಮಗ, ಡಾಕ್ಟರ್ ಆಗಿರುವ ಬ್ರಿಟ್ಟೋ, ಟಾಲ ಸೆಂಟ್ರಲ್‌ನಿಂದ. ಅಪ್ಪ ಮಗ ಒಂದೇ ಕೌನ್ಸಿಲ್‌ನಲ್ಲಿ. ನನ್ನ ಜೊತೆ ಕೆಲಸ ಮಾಡುವ ಮಲಯಾಳಿ ಹುಡುಗಿಯರು ಕೇಕ್ ತಂದಿದ್ದರು. ನಾನೂ ತಿಂದೆ, ನನಗೂ ನಮ್ಮವರೇ ಗೆದ್ದ ಹಾಗಾಯ್ತು. (ಜುಲೈ 10ರಂದು ಸೇರಿಸಿದ್ದು: ಹೊಸ ಕೌನ್ಸಿಲ್ ಬೇಬಿ ಪೆರೆಪ್ಪಾಡನ್ ಅವರನ್ನು ಒಂದು ವರ್ಷಕ್ಕೆ ಮೇಯರ್ ಆಗಿ ಆರಿಸಿದೆ.) ಇದೇ ಕೌಂಟಿಯಲ್ಲಿ, ವಲಸೆ ಬೇಡ ಅನ್ನುವ ಪಕ್ಷವೊಂದಕ್ಕೂ ಒಂದು ಸೀಟು ಸಿಕ್ಕಿದೆ. ಅದನ್ನೂ ಬರೆದಿಡಬೇಕು. ಹೋದ ನವೆಂಬರ್‌ನಲ್ಲಿ ಡಬ್ಲಿನ್‌ನಲ್ಲಿ ಬಸ್ಸು, ಟ್ರಾಮ್ ಸುಟ್ಟ ರಾತ್ರಿ ನಾನು ಡ್ಯೂಟಿ ಮುಗಿಸಿ ಮನೆಗೆ ಬರೋಕೆ ಹೆದರಿದ್ದೆ. ಆ ಭಯ ಪೂರ್ತಿ ಹೋಗಿಲ್ಲ. ಆದರೆ ಅವರ ಚೀಟಿ, ನನ್ನ ಚೀಟಿ ಒಂದೇ ಥರದ ಮೇಜಿನ ಮೇಲೆ, ಅಷ್ಟೇ ಜೋಪಾನವಾಗಿ ಎಣಿಕೆ ಆದವು.

ಈ ಕೌನ್ಸಿಲ್‌ಗೆ ಅಧಿಕಾರ ತುಂಬಾ ಇದೆಯಾ ಅಂದರೆ ಇಲ್ಲ. ಪೊಲೀಸು, ಶಾಲೆ, ಆಸ್ಪತ್ರೆ ಯಾವುದೂ ಇವರ ಕೈಯಲ್ಲಿಲ್ಲ. ಮನೆ, ಪಾರ್ಕು, ಲೈಬ್ರರಿ, ಸಣ್ಣ ರಸ್ತೆ, ಎಲ್ಲಿ ಏನು ಕಟ್ಟಬಹುದು ಅನ್ನುವ ಯೋಜನೆ, ಮನೆ ತೆರಿಗೆಯನ್ನು ಒಂದು ಮಿತಿಯೊಳಗೆ ಏರಿಸೋದು ಇಳಿಸೋದು, ಇವಿಷ್ಟೇ ಇವರ ಕೈಯಲ್ಲಿ. ದಿನನಿತ್ಯದ ಆಡಳಿತ ಅಧಿಕಾರಿಯ ಕೈಯಲ್ಲಿ. ಹೆಚ್ಚುಕಡಿಮೆ ನಮ್ಮ ಜಿಲ್ಲಾ ಪಂಚಾಯಿತಿಯ ಥರ.

ಹಾಗಂತ ಅವ್ವನಿಗೆ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ ಜಿಲ್ಲಾ ಪಂಚಾಯ್ತಿಗೆ ಓಟು ಹಾಕಿ ಎಷ್ಟು ವರ್ಷ ಆಯ್ತವ್ವ?" ಅಂದಳು. ಲೆಕ್ಕ ಹಾಕಿದೆ. 2016ರಲ್ಲಿ ಹಾಕಿದ್ದು. ಅವಧಿ 2021ಕ್ಕೆ ಮುಗಿಯಿತು. ಆಮೇಲೆ ಚುನಾವಣೆಯೇ ಇಲ್ಲ, ತಾಲ್ಲೂಕು ಪಂಚಾಯಿತಿಗೂ ಇಲ್ಲ. ಬೆಂಗಳೂರಿನ ತಮ್ಮನ ಕಥೆಯೂ ಅದೇ. ಅವನು ಕಾರ್ಪೊರೇಟರ್‌ಗೆ ಓಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ. ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದಿದೆ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಮುಂದೆ ಹೋಗುತ್ತಲೇ ಇದೆ. ಬಂದು ಮೂರು ವರ್ಷ ಆದ ನಾನು ಇಲ್ಲಿ ನನ್ನ ಬೀದಿಯ ಪ್ರತಿನಿಧಿಯನ್ನು ಆರಿಸುತ್ತೇನೆ. ಅರವತ್ತೈದು ವರ್ಷ ಆ ಮಣ್ಣಿನಲ್ಲೇ ಬಾಳಿದ ಅವ್ವನಿಗೆ ಜಿಲ್ಲೆಯಲ್ಲಿ ಹೋಗಿ ಕೇಳೋಕೆ ತಾನು ಆರಿಸಿದ ಒಬ್ಬ ಸದಸ್ಯ ಇಲ್ಲ. ಇದು ಸರಿಯಲ್ಲ. ಲೋಕಸಭೆಗೆ ಅಷ್ಟು ಬಿಸಿಲಲ್ಲಿ ಸಾಲು ನಿಲ್ಲುವ ಜನಕ್ಕೆ ಮನೆ ಹತ್ತಿರದ ಓಟನ್ನೂ ಕೊಡಬೇಕು, ಅಲ್ವಾ?

ಇವತ್ತು ಸಂಜೆ ಡ್ಯೂಟಿ ಮುಗಿಸಿ ಬಂದೆ. ಏಳೂವರೆಯಾದರೂ ಬಿಸಿಲು. ನಮ್ಮ ಬೀದಿಯ ದೀಪದ ಕಂಬಕ್ಕೆ ಏಣಿ ಹಾಕಿ ಒಬ್ಬರು ಪೋಸ್ಟರ್ ಇಳಿಸುತ್ತಿದ್ದರು. ಮತದಾನ ಆಗಿ ಏಳು ದಿನದೊಳಗೆ ಎಲ್ಲ ತೆಗೆಯಬೇಕು, ಇಲ್ಲದಿದ್ದರೆ ಒಂದೊಂದಕ್ಕೂ 150 ಯೂರೋ ದಂಡ. ನಾಳೆಯೇ ಕೊನೆ. ಹತ್ತಿರ ಹೋದರೆ ಅವರೇ. ನಾನು 1 ಬರೆದವರು. ಸಹಾಯಕ್ಕೆ ಯಾರೂ ಇರಲಿಲ್ಲ. ಬ್ಯಾಗು ಕೆಳಗಿಟ್ಟು ಏಣಿ ಹಿಡಿದುಕೊಂಡೆ.

ಮೂರು ಕಂಬ ಆಯ್ತು. ಕೊನೆಗೆ ತಡೆಯಲಾಗದೆ ಹೇಳಿಬಿಟ್ಟೆ, ನನ್ನ ಮೊದಲ ಓಟು ನಿಮಗೇ ಹಾಕಿದ್ದೆ, ಉಪಯೋಗ ಆಗಲಿಲ್ಲ ಅಂತ. ಅವರು ಏಣಿ ಇಳಿದು, ಕೈ ಒರೆಸಿಕೊಂಡು ಕೇಳಿದರು. "ಎರಡನೆಯದು ಯಾರಿಗೆ ಕೊಟ್ಟಿರಿ?"

ಹೇಳಿದೆ.

"ಅವರಾ? ಅವರು ಗೆದ್ದದ್ದು ನನ್ನ ಕಟ್ಟು ಹೋದ ಮೇಲೆ. ಕೋಟಾ ಮುಟ್ಟೋಕೆ ಸ್ವಲ್ಪವೇ ಬೇಕಾಗಿತ್ತು" ಅಂದರು. ಆಮೇಲೆ ಪೋಸ್ಟರ್‌ಗಳನ್ನು ಕಂಕುಳಲ್ಲಿ ಇಟ್ಟುಕೊಂಡು, "ಆ ಸ್ಕೂಲ್ ಹತ್ತಿರದ ಚಿತ್ರ ಇದೆಯಲ್ಲ, ನಿಮ್ಮ ಮಗಳು ಬರೆದದ್ದು, ಅದನ್ನು ನಾಳೆಯೇ ಅವರಿಗೆ ಕೊಟ್ಟು ಬರ್ತೀನಿ" ಅಂತ ಹೇಳಿ ಏಣಿಯ ಒಂದು ಕೊನೆ ಎತ್ತಿದರು. ಇನ್ನೊಂದು ಕೊನೆ ನಾನು ಹಿಡಿದುಕೊಂಡೆ. ಮುಂದಿನ ತಿರುವಿನಲ್ಲಿ ಇನ್ನೂ ಎರಡು ಕಂಬ ಬಾಕಿ ಇತ್ತು.