ಅಮ್ಮನ ಜೊತೆ ಬೆಂಗಳೂರಿನಿಂದ ಲಂಡನ್ನಿಗೆ: ಮನೆಯಿಂದ ಮನೆಗೆ 18 ಗಂಟೆ

ಜುಲೈನಲ್ಲಿ ಅಮ್ಮನನ್ನು ಲಂಡನ್ನಿನಲ್ಲಿರುವ ಅಕ್ಕನ ಮನೆಗೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ 71. ಶುಗರ್ ಇದೆ, ಮಂಡಿನೋವೂ ಇದೆ. ವಿಮಾನ ಹತ್ತಿದ್ದು ಅದೇ ಮೊದಲು.

ಬೆಂಗಳೂರಿನಿಂದ ಲಂಡನ್ನಿಗೆ ವಿಮಾನದ ದಾರಿ ಸುಮಾರು 8,000 ಕಿ.ಮೀ. ನಮ್ಮ ನೇರ ವಿಮಾನಕ್ಕೆ ಹತ್ತೂವರೆ ಗಂಟೆ ಹಿಡಿಯಿತು. ಆದರೆ ಬಸವನಗುಡಿಯ ಮನೆಗೆ ಬೀಗ ಹಾಕಿದಾಗಿನಿಂದ ಅಕ್ಕನ ಮನೆ ಸೇರುವವರೆಗೆ ಆಗಿದ್ದು 18 ಗಂಟೆ. ಔಷಧಿ, ಊಟ, ನಿದ್ದೆ ಎಲ್ಲವನ್ನೂ ಈ ಹದಿನೆಂಟಕ್ಕೇ ಲೆಕ್ಕ ಹಾಕಿಕೊಳ್ಳಿ.

ವಿಮಾನ ಬೆಳಿಗ್ಗೆ 6.45ಕ್ಕೆ. ಮೂರು ಗಂಟೆ ಮುಂಚೆ ಅಲ್ಲಿರಬೇಕು ಅಂತ ರಾತ್ರಿ 2ಕ್ಕೇ ಹೊರಟೆವು. ಹೆಬ್ಬಾಳ ಫ್ಲೈಓವರ್ ಖಾಲಿ ಇತ್ತು, ಒಂದು ಗಂಟೆ ಚಿಲ್ಲರೆಯಲ್ಲಿ ಟರ್ಮಿನಲ್ 2 ಸಿಕ್ಕಿತು. ಸಂಜೆ ಹೊತ್ತಾದರೆ ಇದೇ ದಾರಿಗೆ ಎರಡು ಗಂಟೆಯಾದರೂ ಬೇಕು. ನಡುರಾತ್ರಿ ಕಳೆದ ಮೇಲಿನ ವಿಮಾನವಾದರೆ ತಾರೀಖನ್ನು ಇನ್ನೊಮ್ಮೆ ನೋಡಿ. ಟಿಕೆಟ್ಟಿನಲ್ಲಿ 15ರ ಬೆಳಗಿನ ಜಾವ 1 ಗಂಟೆ ಅಂತಿದ್ದರೆ ಮನೆ ಬಿಡಬೇಕಾದ್ದು 14ರ ರಾತ್ರಿ.

ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಿಬಿಡಿ. ಅಮ್ಮ ಮೊದಲು "ನಂಗ್ಯಾಕೆ, ನಡೀತೀನಿ ಬಿಡು" ಅಂದರು. ಹೀಥ್ರೂನಲ್ಲಿ ಇಳಿದ ಮೇಲೆ ನಡೆಯಬೇಕಾದ ದೂರ ನೋಡಿ ತಾವೇ ಕೂತರು. ಸಕ್ಕರೆ ಮಾತ್ರೆಯ ವಿಷಯ ಇನ್ನೂ ಮುಖ್ಯ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ಐದೂವರೆ ಗಂಟೆ ಹಿಂದೆ. ಇಳಿದಾಗ ಅಲ್ಲಿ ಇನ್ನೂ ಮಧ್ಯಾಹ್ನ 12.45, ಅಮ್ಮನ ಹೊಟ್ಟೆಗೆ ಮಾತ್ರ ಆಗಲೇ ಸಂಜೆ 5.15! ಯಾವ ಮಾತ್ರೆ ಯಾವಾಗ ಅಂತ ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಂಡಿದ್ದೆ. ಅಮ್ಮನ ಗಡಿಯಾರವನ್ನೂ ಇಳಿಯುವವರೆಗೆ ಬೆಂಗಳೂರಿನ ಟೈಮಿನಲ್ಲೇ ಬಿಟ್ಟಿದ್ದೆ. ಮಾತ್ರೆಗಳು ಕೈಚೀಲದಲ್ಲೇ ಇರಲಿ, ಚೀಟಿಯ ಸಮೇತ.

ತುಪ್ಪದ ಡಬ್ಬಿ ಮನೆಯಲ್ಲೇ ಬಿಡಿ. ನಮ್ಮಲ್ಲಿಂದ ಹಾಲಿನ ಪದಾರ್ಥ ಬ್ರಿಟನ್ನಿಗೆ ತರುವಂತಿಲ್ಲ. ಚಟ್ನಿಪುಡಿ, ಸಾರಿನಪುಡಿ ಒಯ್ದೆವು, ಯಾರೂ ಏನೂ ಕೇಳಲಿಲ್ಲ.

ದುಬೈ ಮೇಲೆ ಹೋದರೆ ಟಿಕೆಟ್ ಕಮ್ಮಿಗೆ ಸಿಗಬಹುದು. ಆದರೆ ನಡುವೆ ಇಳಿದು, ಮತ್ತೆ ತಪಾಸಣೆ, ಮತ್ತೆ ಕಾಯುವುದು. ಮಂಡಿನೋವಿನವರಿಗೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ನೇರ ವಿಮಾನವೇ ಇರಲಿ ಅನ್ನುತ್ತೇನೆ.

ವಾಪಸು ಬರುವಾಗ ಒಂಬತ್ತೂವರೆ ಗಂಟೆಯಷ್ಟೇ. ಅಷ್ಟು ಮೇಲೆ ಗಾಳಿ ಪಡುವಣದಿಂದ ಮೂಡಣಕ್ಕೆ ಜೋರಾಗಿ ಬೀಸುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಹಿಂದಿನಿಂದ ತಳ್ಳುವ ಗಾಳಿ. ರಾತ್ರಿ 8.30ಕ್ಕೆ ಹೊರಟು ಮಾರನೇ ದಿನ ಬೆಳಿಗ್ಗೆ 10.30ಕ್ಕೆ ಇಳಿದೆವು. ಸುಸ್ತು ಮಾತ್ರ ಈ ಸಲವೇ ಜಾಸ್ತಿ, ರಾತ್ರಿಯೇ ಮೊಟಕಾಗಿಬಿಡುತ್ತಲ್ವಾ! ಅಮ್ಮನಿಗೆ ನಿದ್ದೆ ಸರಿಹೋಗಲು ನಾಲ್ಕು ದಿನ ಬೇಕಾಯಿತು. ಆ ವಾರ ಮದುವೆ, ಮುಂಜಿ ಅಂತ ಏನೂ ಒಪ್ಪಿಕೊಳ್ಳಬೇಡಿ.