ಎಕ್ಸೆಲ್ ಬಿಟ್ಟು ಸೂಜಿ-ದಾರ

ದಿನವಿಡೀ ಎಕ್ಸೆಲ್ ಶೀಟ್ ತುಂಬಿಸುತ್ತಿದ್ದವಳು ಈಗ ಕೈಯಲ್ಲೇ ಪುಸ್ತಕ ಹೊಲಿದು ಬೈಂಡ್ ಮಾಡುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ಸಂಪಾದನೆಯ ಬಗ್ಗೆ. ಕಡಿಮೆಯೇ, ಮುಚ್ಚಿಡುವುದೇನಿದೆ. ಆದರೆ ಕಾಗದಕ್ಕೂ ಒಂದು ದಿಕ್ಕು ಇರುತ್ತದೆ ಅಂತ ಗೊತ್ತಾ? ಯಂತ್ರದಲ್ಲಿ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಒಂದೇ ಕಡೆಗೆ ಮಲಗುತ್ತವೆ, ಆ ದಿಕ್ಕಿಗೇ ಮಡಚಿದರೆ ಮಡಿಕೆ ನೀಟಾಗಿ ಕೂರುತ್ತದೆ, ಅಡ್ಡಕ್ಕೆ ಮಡಚಿದರೆ ದಪ್ಪ ಹಾಳೆ ಮಡಿಕೆಯಲ್ಲೇ ಬಿರಿಯುತ್ತದೆ. ಹಾಗಾಗಿ ಕತ್ತರಿಸುವ ಮುಂಚೆ ಸುಮ್ನೆ ಬಗ್ಗಿಸಿ ನೋಡುತ್ತೇನೆ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಅದೇ ದಿಕ್ಕು. ಇಷ್ಟಕ್ಕೇ ಇಷ್ಟು ಖುಷಿ ಪಡುವುದು ಸ್ವಲ್ಪ ಹುಚ್ಚೇ, ಅಲ್ವಾ! ‘ನಿಮ್ಮ ಪ್ಯಾಶನ್ ಹುಡುಕಿ’ ಅನ್ನುವ ಉಪದೇಶ ನನಗಂತೂ ಹಿಡಿಸುವುದಿಲ್ಲ. ನಾನು ಹುಡುಕಲಿಲ್ಲ, ಮಾಡ್ತಾ ಮಾಡ್ತಾ ಅಂಟಿಕೊಂಡಿತು. ಬದಲಾವಣೆಗೆ ಭಯ ಆಗಲಿಲ್ವಾ ಅಂದರೆ, ಈಗಲೂ ಆಗುತ್ತದೆ, ತಿಂಗಳ ಕೊನೆಯಲ್ಲಿ ಜಾಸ್ತಿ.